ರುಜು ಯಾರದ್ದಾಗಬೇಕು?

ಸೋದರಿಯರೇ, ಮದುವೆಯಾದಂದಿನಿಂದ ಇಂದಿನವರೆಗೆ ನೀವು ಎಷ್ಟು ಕಾಗದಗಳಿಗೆ ರುಜು ಹಾಕಿದ್ದೀರಿ, ಒಮ್ಮೆ ಲೆಕ್ಕ ಹಾಕಿ ನೋಡಿ. ಸಂಘದ ಉಳಿತಾಯದ ಪುಸ್ತಕ, ಕೊರಿಯರ್ ಹುಡುಗ ತಂದ ಚೀಟಿ, ಅಪ್ಪ ಊರಲ್ಲಿಲ್ಲದಾಗ ಮಕ್ಕಳ ಅಂಕಪಟ್ಟಿ. ಇಷ್ಟೇ ತಾನೆ? ಮನೆ, ಜಮೀನು, ಬ್ಯಾಂಕಿನ ಸಾಲ ಎಂದ ಕೂಡಲೇ 'ಯಜಮಾನರನ್ನು ಕರೆಯಿರಿ' ಎನ್ನುತ್ತಾರೆ. ನಮಗೂ ಇದು ಎಷ್ಟು ರೂಢಿಯಾಗಿ ಹೋಗಿದೆಯೆಂದರೆ, 'ನಿಮ್ಮ ರುಜು ಒಂದೇ ಸಾಕಮ್ಮ' ಎಂದು ಯಾರಾದರೂ ಹೇಳಿದರೆ ನಾವೇ ನಂಬುವುದಿಲ್ಲ!

ಹಾಗೆ ನಮ್ಮ ರುಜು ಒಂದೇ ಸಾಕಾಗುವ ಕಾಗದವೊಂದಿದೆ. ಗರ್ಭ ತೆಗೆಸುವಾಗ ಆಸ್ಪತ್ರೆಗೆ ಬರೆದುಕೊಡುವ ಒಪ್ಪಿಗೆ ಪತ್ರ ಅದು. 'ಉಪ್ಪಿನಕಾಯಿ, ಕಸೂತಿಗಳ ನಡುವೆ ಇದೆಂಥ ವಿಷಯ ತೆಗೆದಳಪ್ಪ ಈಕೆ' ಎಂದು ದಯವಿಟ್ಟು ಪುಟ ಮಗುಚಬೇಡಿ. ಗರ್ಭಪಾತ ಪಾಪವೋ ಅಲ್ಲವೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಅದನ್ನು ಅವರವರ ಮನಸ್ಸಿಗೆ, ಅವರವರ ದೇವರಿಗೆ ಬಿಟ್ಟಿದ್ದೇನೆ. ಆದರೆ ಅಂಥ ಸಂದರ್ಭ ಬಂದಾಗ ಒಪ್ಪಿಗೆ ಕೊಡಬೇಕಾದವರು ಯಾರು, ಏನನ್ನು ತಿಳಿದುಕೊಂಡು ಕೊಡಬೇಕು ಎಂಬುದು ನಮಗೆ ಗೊತ್ತಿರಬೇಡವೆ? ಈ ವಿಷಯ ಎಲ್ಲರ ಮನೆಯ ಹೊಸ್ತಿಲವರೆಗೂ ಬರುವಂಥದ್ದೇ. ಬಂದಾಗ ಕೇಳಲು ನಾಚಿಕೆ, ಕೇಳಿದರೆ ಹೇಳುವವರಿಲ್ಲ.

ನಮ್ಮ ಬೀದಿಯ ಒಬ್ಬಾಕೆಯ ವಿಷಯ ಹೇಳುತ್ತೇನೆ. ಹೆಸರು ಬೇಡ. ವಯಸ್ಸು ಮೂವತ್ತೆಂಟು. ಇಬ್ಬರು ಮಕ್ಕಳು, ಚಿಕ್ಕವನೇ ಆರನೇ ಕ್ಲಾಸು. ಗಂಡ ಲಾರಿ ಓಡಿಸುತ್ತಾನೆ, ತಿಂಗಳಿಗೊಮ್ಮೆ ಮನೆಗೆ ಬಂದರೆ ಹೆಚ್ಚು. ವಂಕಿ ಹಾಕಿಸಿಕೊಂಡಿದ್ದರೂ ಮುಟ್ಟು ನಿಂತಿತು. ಹಿಂದಿನ ಹೆರಿಗೆಯಲ್ಲೇ ಬಿ.ಪಿ. ಏರಿ ಜೀವ ಹೋಗಿ ಬಂದಿತ್ತು. ಗಂಡನಿಗೆ ಫೋನಿನಲ್ಲಿ ಹೇಳಿದ್ದಾಳೆ, ಆತನೂ 'ಬೇಡ, ತೆಗೆಸಿಬಿಡು' ಎಂದಿದ್ದಾನೆ. ಏಳು ವಾರ ಆಗಿದ್ದಾಗ ಒಂದು ಖಾಸಗಿ ನರ್ಸಿಂಗ್ ಹೋಂಗೆ ಹೋದಳು. ಕೌಂಟರಿನಲ್ಲಿದ್ದ ಹುಡುಗಿ ತಲೆ ಎತ್ತದೆಯೇ, "ಯಜಮಾನ್ರ ಸಹಿ ಬೇಕು, ಅವರ ಆಧಾರ್ ಕಾರ್ಡೂ ಬೇಕು. ಇಲ್ದಿದ್ರೆ ಡಾಕ್ಟ್ರು ಮುಟ್ಟೋದೇ ಇಲ್ಲ" ಎಂದಳು. "ಫೋನಲ್ಲಿ ಮಾತಾಡಿ, ಅವರೇ ಹೇಳ್ತಾರೆ" ಎಂದರೂ ಕೇಳಲಿಲ್ಲ.

ಲಾರಿ ಎಲ್ಲೋ ಗುಜರಾತಿನ ಕಡೆ ಇತ್ತು. ಗಂಡ ಊರು ತಲುಪಲು ಹದಿನೆಂಟು ದಿನ ಹಿಡಿಯಿತು. ಅಷ್ಟರಲ್ಲಿ ಒಂಬತ್ತು ವಾರ ದಾಟಿತ್ತು. ಡಾಕ್ಟರ ಕಣ್ಗಾವಲಿನಲ್ಲಿ ಗುಳಿಗೆಯಲ್ಲೇ ಮುಗಿಯಬಹುದಾಗಿದ್ದುದಕ್ಕೆ ಥಿಯೇಟರಿಗೆ ಹೋಗಬೇಕಾಯಿತು, ಖರ್ಚೂ ಏರಿತು. ಅದೆಲ್ಲ ಮುಗಿದ ಮೇಲೆ ಆಕೆ ನನ್ನೊಡನೆ ಅಂದದ್ದು ಒಂದೇ ಮಾತು: "ಅಕ್ಕಾ, ಇವ್ರೇನೋ ಬಂದು ಸಹಿ ಹಾಕಿದ್ರು. ಒಲ್ಲೆ ಅಂದಿದ್ರೆ ನನ್ನ ಗತಿ ಏನಾಗ್ತಿತ್ತು?"

ಈ ಮಾತು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ನನ್ನ ಅಣ್ಣನ ಮಗಳು ಕಾನೂನು ಓದುತ್ತಿದ್ದಾಳೆ. ದಸರಾ ರಜೆಗೆ ಬಂದಾಗ ಅವಳನ್ನು ಕೇಳಿದೆ. ಅವಳು ನಕ್ಕು, "ಅತ್ತೆ, ಈ ಕಾನೂನು ನೀವು ಹುಟ್ಟೋದಕ್ಕೂ ಮುಂಚಿನದು. ಗಂಡನ ಸಹಿ ಅನ್ನೋ ಮಾತೇ ಅದರಲ್ಲಿ ಇಲ್ಲ" ಎಂದಳು. ಎರಡು ದಿನ ಅವಳು ಓದಿ ಹೇಳಿದ್ದನ್ನು ನಾನು ಬರೆದುಕೊಂಡೆ. ನಿಮ್ಮ ಮುಂದಿಡುತ್ತಿರುವುದು ಅದನ್ನೇ.

ಬ್ರಿಟಿಷರು 1860ರಲ್ಲಿ ಮಾಡಿದ ದಂಡ ಸಂಹಿತೆಯ 312ನೇ ಕಲಮಿನಂತೆ, ತಾಯಿಯ ಜೀವ ಉಳಿಸಲಿಕ್ಕಲ್ಲದೆ ಬೇರಾವ ಕಾರಣಕ್ಕೆ ಗರ್ಭ ತೆಗೆದರೂ ಅಪರಾಧ. ತೆಗೆದವರಿಗಷ್ಟೇ ಅಲ್ಲ, ತೆಗೆಸಿಕೊಂಡ ಹೆಂಗಸಿಗೂ ಸಜೆ. ಅಪರಾಧವೆಂದು ಬರೆದ ಮಾತ್ರಕ್ಕೆ ನಿಂತೀತೆ? ಕದ್ದುಮುಚ್ಚಿ ಕಡ್ಡಿ ಹಾಕಿಸಿಕೊಂಡು, ನಂಜೇರಿ ಸತ್ತವರ ಕಥೆಗಳನ್ನು ನಮ್ಮ ಅಜ್ಜಿಯರು ಪಿಸುಮಾತಿನಲ್ಲಿ ಹೇಳುತ್ತಿದ್ದುದನ್ನು ನಾವೂ ಕೇಳಿದ್ದೇವಲ್ಲ. 1964ರಲ್ಲಿ ಸರ್ಕಾರ ಶಾಂತಿಲಾಲ್ ಷಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತು. 1966ರ ಕೊನೆಗೆ ಅದರ ವರದಿ ಬಂತು. 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾನೂನು ಪಾಸಾಗಿ, 1972ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆಗಿನ ಸರ್ಕಾರಕ್ಕೆ ಜನಸಂಖ್ಯೆಯ ಚಿಂತೆಯೂ ಇತ್ತೆನ್ನಿ. ಕಾರಣ ಏನೇ ಇರಲಿ, ಪ್ರಪಂಚದ ಎಷ್ಟೋ ಮುಂದುವರಿದ ದೇಶಗಳಿಗಿಂತ ಮೊದಲೇ ನಮ್ಮಲ್ಲಿ ಇಂಥದ್ದೊಂದು ಕಾನೂನು ಬಂದದ್ದು ನಿಜ.

ಈ ಕಾನೂನಿನ ಮೂರನೇ ಕಲಮಿನ ನಾಲ್ಕನೇ ಉಪಕಲಮಿನಲ್ಲಿ ಇರುವುದು ಎರಡೇ ಮಾತು. ಹದಿನೆಂಟು ತುಂಬದ ಹುಡುಗಿಗೆ, ಮಾನಸಿಕ ಕಾಯಿಲೆಯಿರುವ ಹೆಂಗಸಿಗೆ ಪೋಷಕರ ಬರಹದ ಒಪ್ಪಿಗೆ ಬೇಕು. ಉಳಿದವರಿಗೆಲ್ಲ ಆ ಗರ್ಭಿಣಿಯ ಒಪ್ಪಿಗೆ ಬೇಕು. ಮುಗಿಯಿತು! ಗಂಡ, ಅತ್ತೆ, ಅಪ್ಪ, ಅಣ್ಣ ಯಾರೂ ಅದರಲ್ಲಿ ಬರುವುದಿಲ್ಲ. ಇದಕ್ಕೆಂದೇ 'ಸಿ' ನಮೂನೆ ಎಂಬ ಒಂದು ಚಿಕ್ಕ ಫಾರಂ ಇದೆ. ಹೆಸರು, ಇಂಥವರ ಮಗಳು ಅಥವಾ ಹೆಂಡತಿ, ವಯಸ್ಸು, ವಿಳಾಸ, ಇಂಥ ಜಾಗದಲ್ಲಿ ಮಾಡಿಸಿಕೊಳ್ಳಲು ನನ್ನ ಒಪ್ಪಿಗೆಯಿದೆ ಎಂಬ ಸಾಲು, ಕೆಳಗೆ ರುಜು. ಗಂಡ ರುಜು ಹಾಕಲು ಅದರಲ್ಲಿ ಜಾಗವೇ ಇಲ್ಲ.

ಹಾಗೆಂದು ನಾವು ಕೇಳಿದ ತಕ್ಷಣ ಮಾಡಿಕೊಡಬೇಕೆಂದೇನೂ ಕಾನೂನು ಹೇಳುವುದಿಲ್ಲ. ತಾಯಿಯ ಜೀವಕ್ಕೆ ಅಪಾಯ, ದೇಹಕ್ಕೆ ಅಥವಾ ಮನಸ್ಸಿಗೆ ದೊಡ್ಡ ಹಾನಿ, ಮಗುವಿನಲ್ಲಿ ತೀವ್ರ ಊನ, ಬಲಾತ್ಕಾರ, ಗರ್ಭನಿರೋಧಕ ಸೋತದ್ದು, ಇವುಗಳಲ್ಲಿ ಒಂದು ಇದೆಯೆಂದು ಡಾಕ್ಟರಿಗೆ ಅನ್ನಿಸಬೇಕು. 2021ರ ತಿದ್ದುಪಡಿಯಾದ ಮೇಲೆ 20 ವಾರಗಳವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 20ರಿಂದ 24 ವಾರಗಳವರೆಗೆ ಕೆಲವು ವಿಶೇಷ ಸಂದರ್ಭಗಳಲ್ಲಿ ಇಬ್ಬರದು ಬೇಕು. ಬಲಾತ್ಕಾರಕ್ಕೊಳಗಾದವರು, ಅಪ್ರಾಪ್ತ ಹುಡುಗಿಯರು, ಗರ್ಭಿಣಿಯಾಗಿರುವಾಗಲೇ ವಿಧವೆಯಾದವರು, ವಿಚ್ಛೇದನವಾದವರು, ಅಂಗವಿಕಲರು ಮುಂತಾದವರು ಅದರಲ್ಲಿ ಬರುತ್ತಾರೆ. ಮಗುವಿನಲ್ಲಿ ತೀವ್ರ ಊನ ಕಂಡಾಗ ಮಾತ್ರ 24 ವಾರ ದಾಟಿದ ಮೇಲೂ ವೈದ್ಯರ ಮಂಡಳಿ ಕುಳಿತು ತೀರ್ಮಾನಿಸಬಹುದು. ಆ ತಿದ್ದುಪಡಿಯಲ್ಲೇ ಇನ್ನೊಂದು ಸಣ್ಣ ಬದಲಾವಣೆ ಆಯಿತು. ಗರ್ಭನಿರೋಧಕದ ವಿಷಯ ಹೇಳುವ ಕಡೆ ಹಿಂದೆ 'ವಿವಾಹಿತ ಸ್ತ್ರೀ ಅಥವಾ ಆಕೆಯ ಗಂಡ' ಎಂದಿತ್ತು, ಈಗ 'ಸ್ತ್ರೀ ಅಥವಾ ಆಕೆಯ ಸಂಗಾತಿ' ಎಂದಾಗಿದೆ.

ಹಾಗಿದ್ದ ಮೇಲೆ ಆಸ್ಪತ್ರೆಯವರು ಗಂಡನ ರುಜು ಕೇಳುವುದು ಯಾಕೆ? ನಮಗೆ ಗುರುತಿನ ಲೇಡಿ ಡಾಕ್ಟರೊಬ್ಬರನ್ನು ಕೇಳಿದೆ. ಅವರು ಮುಚ್ಚುಮರೆಯಿಲ್ಲದೆ ಹೇಳಿದರು: "ನೋಡಿ ಇವ್ರೇ, ಕಾನೂನು ನನಗೂ ಗೊತ್ತು. ಆದ್ರೆ ನಾಳೆ ಗಂಡನ ಕಡೆಯವರು ಹತ್ತು ಜನ ಬಂದು ಆಸ್ಪತ್ರೆ ಗಾಜು ಒಡೆದ್ರೆ ಕಾನೂನು ಬಂದು ಕಟ್ಟಿಕೊಡುತ್ತಾ?" ಅವರ ಭಯವನ್ನು ಸುಳ್ಳೆನ್ನಲಾರೆ. ಆದರೆ ಆ ಭಯದ ಬೆಲೆ ತೆರುವವಳು ಹೆಂಗಸಲ್ಲವೆ?

ಈ ಭಯದ ವಿಷಯ ಕೋರ್ಟಿನವರೆಗೂ ಹೋದದ್ದಿದೆ. ಗಂಡಹೆಂಡಿರ ಜಗಳದ ನಡುವೆ ಹೆಂಡತಿ ತನ್ನ ಒಪ್ಪಿಗೆಯಿಲ್ಲದೆ ಗರ್ಭ ತೆಗೆಸಿದಳೆಂದು ಒಬ್ಬ ಗಂಡ ಆಕೆಯ ಮೇಲೂ ಡಾಕ್ಟರುಗಳ ಮೇಲೂ 30 ಲಕ್ಷ ರೂಪಾಯಿ ಪರಿಹಾರಕ್ಕೆ ದಾವೆ ಹಾಕಿದ. 2011ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಅದನ್ನು ತಳ್ಳಿಹಾಕಿತು. ಕಾನೂನು ಕೇಳುವುದು ಹೆಂಡತಿಯ ಒಪ್ಪಿಗೆಯನ್ನು, ಗಂಡನದನ್ನಲ್ಲ ಎಂದಿತು. ಆತ ಸುಪ್ರೀಂ ಕೋರ್ಟಿಗೂ ಹೋದ. 2017ರ ಅಕ್ಟೋಬರಿನಲ್ಲಿ ಅಲ್ಲಿಯೂ ಸೋತ.

ಆದರೆ ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. 2007ರಲ್ಲಿ ಒಂದು ವಿಚ್ಛೇದನದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ವೈದ್ಯಕೀಯ ಕಾರಣವಿಲ್ಲದೆ ಅಥವಾ ಗಂಡನಿಗೆ ತಿಳಿಸದೆ, ಒಪ್ಪಿಗೆಯಿಲ್ಲದೆ ಹೆಂಡತಿ ಗರ್ಭ ತೆಗೆಸಿಕೊಂಡರೆ ಅದು ಮಾನಸಿಕ ಕ್ರೌರ್ಯವೆನಿಸಬಹುದು ಎಂದೂ ಹೇಳಿದೆ. ಅಂದರೆ ಆಸ್ಪತ್ರೆಯ ಬಾಗಿಲಲ್ಲಿ ಗಂಡನ ರುಜು ಬೇಡ, ಆದರೆ ಮನೆ ಮುರಿಯುವ ಹಂತಕ್ಕೆ ಬಂದಾಗ ಅದನ್ನೇ ಎತ್ತಿ ಹೇಳಬಹುದು! ನನ್ನ ಅಣ್ಣನ ಮಗಳಿಗೆ ಇದರ ಮೇಲೆ ಭಾರೀ ಸಿಟ್ಟು. ನನಗನ್ನಿಸುವುದು ಇಷ್ಟು. ಒಳ್ಳೆಯ ಮನೆಗಳಲ್ಲಿ ಗಂಡಹೆಂಡಿರು ಕೂತು ಮಾತನಾಡಿಯೇ ಇಂಥದ್ದನ್ನು ತೀರ್ಮಾನಿಸುತ್ತಾರೆ, ಹಾಗೇ ಆಗಬೇಕು. ಆದರೆ ಗಂಡನಿಗೆ ತಿಳಿಸುವುದು ಬೇರೆ, ಗಂಡನ ಅಪ್ಪಣೆ ಬೇಡುವುದು ಬೇರೆ. ಕುಡಿದು ಬಂದು ಹೊಡೆಯುವವನ ಮನೆಯಲ್ಲಿ, ಬಿಟ್ಟು ಹೋದವನ ಮನೆಯಲ್ಲಿ, ಈ ಅಪ್ಪಣೆ ಎಲ್ಲಿಂದ ತರುವುದು?

ಇಷ್ಟು ಹೊತ್ತು ರುಜುವಿನ ಮಾತಾಯಿತು. ರುಜುವಿಗಿಂತ ಮೊದಲು ಬರಬೇಕಾದ್ದು ತಿಳಿವಳಿಕೆ. ಓದದೆ ಹಾಕಿದ ರುಜು, ಕೇಳದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಇದನ್ನು ಸುಪ್ರೀಂ ಕೋರ್ಟು 2008ರಲ್ಲಿ ಸ್ಪಷ್ಟವಾಗಿ ಹೇಳಿತು. ದೆಹಲಿಯಲ್ಲಿ ಅವಿವಾಹಿತ ಮಹಿಳೆಯೊಬ್ಬಳು ದುರ್ಬೀನಿನ ತಪಾಸಣೆಗೆಂದು ಒಪ್ಪಿ ಮೇಜಿನ ಮೇಲೆ ಮಲಗಿದ್ದಳು. ಆಕೆಗೆ ಎಚ್ಚರವಿಲ್ಲದಿದ್ದಾಗ ಹೊರಗೆ ಕೂತಿದ್ದ ತಾಯಿಯನ್ನು ಕೇಳಿ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದುಬಿಟ್ಟರು. ತಾಯಿಯ ಒಪ್ಪಿಗೆ ಮಗಳ ಒಪ್ಪಿಗೆಯಾಗದು ಎಂದಿತು ಕೋರ್ಟು. ಚಿಕಿತ್ಸೆ ಎಂಥದ್ದು, ಯಾಕೆ, ಅಪಾಯವೇನು, ಬೇರೆ ದಾರಿ ಇದೆಯೇ, ಮಾಡಿಸದಿದ್ದರೆ ಏನಾದೀತು, ಇಷ್ಟನ್ನು ರೋಗಿಗೆ ತಿಳಿಸಿ ಆಮೇಲೆ ಒಪ್ಪಿಗೆ ಪಡೆಯಬೇಕೆಂದಿತು. ಮೂವತ್ತು ದಾಟಿದ ಕೂಡಲೇ ಗರ್ಭಕೋಶ ತೆಗೆಸಿಕೊಂಡು ಬಂದ ಹೆಂಗಸರು ನಮ್ಮ ಕಡೆಯ ಹಳ್ಳಿಗಳಲ್ಲಿ ಎಷ್ಟು ಜನ! ಅವರಲ್ಲಿ ಎಷ್ಟು ಮಂದಿಗೆ ಹೀಗೆ ಕೂರಿಸಿ ಹೇಳಿದ್ದರೋ.

ತಿಳಿಸಿ ಹೇಳುವುದು ಎಂದರೆ ಒಳ್ಳೆಯದೇ ತಾನೆ ಎಂದುಕೊಂಡಿದ್ದೆ. ಅಮೆರಿಕದ ಕಥೆ ಕೇಳಿದ ಮೇಲೆ ಇದರಲ್ಲೂ ಎರಡು ಬಗೆ ಇದೆಯೆಂದು ತಿಳಿಯಿತು. ಅಲ್ಲಿ ಪೆನ್ಸಿಲ್ವೇನಿಯ ಎಂಬ ರಾಜ್ಯ 1982ರಲ್ಲಿ ಒಂದು ಕಾನೂನು ಮಾಡಿ ಆಮೇಲೆ ಅದನ್ನು ಇನ್ನಷ್ಟು ಬಿಗಿ ಮಾಡಿತು. ಗರ್ಭ ತೆಗೆಸಲು ಬಂದವಳಿಗೆ ಅದರ ಅಪಾಯಗಳನ್ನೂ, ಗರ್ಭಕ್ಕೆ ಎಷ್ಟು ವಾರವಾಯಿತೆಂಬುದನ್ನೂ ಡಾಕ್ಟರು ಹೇಳಬೇಕು. ಸರ್ಕಾರ ಅಚ್ಚು ಹಾಕಿಸಿದ ಪುಸ್ತಿಕೆ ಇದೆಯೆಂದು ತಿಳಿಸಬೇಕು. ಅದಾದ ಮೇಲೆ 24 ಗಂಟೆ ಕಾಯಿಸಬೇಕು. ಮದುವೆಯಾದವಳು ಗಂಡನಿಗೆ ತಿಳಿಸಿದ್ದೇನೆಂದು ಬರೆದುಕೊಡಬೇಕು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ 1992ರಲ್ಲಿ ತೀರ್ಪಾಯಿತು. ಪುಸ್ತಿಕೆ, ಕಾಯುವುದು ಎರಡೂ ಸರಿ ಎಂದ ಕೋರ್ಟು, ಗಂಡನಿಗೆ ತಿಳಿಸಲೇಬೇಕೆಂಬುದನ್ನು ಮಾತ್ರ ಕಿತ್ತುಹಾಕಿತು. ಹೊಡೆಯುವ ಗಂಡಂದಿರಿರುವ ಹೆಂಗಸರ ಪಾಡೇನು ಎಂಬುದು ಅಲ್ಲಿಯೂ ಎದ್ದ ಪ್ರಶ್ನೆಯೇ!

ಇದಾದ ಮೇಲೆ ಅನೇಕ ರಾಜ್ಯಗಳು ಇಂಥವೇ ಕಾನೂನು ಮಾಡಿದವು. 2011ರಲ್ಲಿ ಟೆಕ್ಸಾಸ್ ರಾಜ್ಯವಂತೂ ಮೊದಲು ಸ್ಕ್ಯಾನ್ ಮಾಡಿ ಕಂಡದ್ದನ್ನು ವಿವರಿಸಲೇಬೇಕೆಂದಿತು. ಹೆಣ್ಣು ಎಲ್ಲವನ್ನೂ ತಿಳಿದೇ ನಿರ್ಧರಿಸಲಿ, ಆಮೇಲೆ ಪರಿತಪಿಸುವುದು ಬೇಡ ಎಂಬುದು ಒಂದು ಪಕ್ಷದ ವಾದ. ಇದು ತಿಳಿಸುವುದಲ್ಲ, ತಿಳಿಸುವ ನೆಪದಲ್ಲಿ ಮನಸ್ಸು ತಿರುಗಿಸುವುದು, ದೂರದಿಂದ ಬಸ್ಸು ಹತ್ತಿ ಬಂದ ಬಡವಳನ್ನು ಎರಡೆರಡು ಸಲ ಅಲೆಸುವುದು ಎಂಬುದು ಇನ್ನೊಂದು ಪಕ್ಷದ ವಾದ. 2022ರ ಜೂನ್ 24ರಂದು ಅಲ್ಲಿಯ ಸುಪ್ರೀಂ ಕೋರ್ಟು ಹಳೆಯ ತೀರ್ಪುಗಳನ್ನೇ ರದ್ದುಮಾಡಿ, ವಿಷಯವನ್ನು ರಾಜ್ಯಗಳಿಗೆ ಬಿಟ್ಟಿತು. ಕೆಲವು ರಾಜ್ಯಗಳಲ್ಲಿ ಆಮೇಲೆ ಹೆಚ್ಚುಕಡಿಮೆ ಪೂರ್ತಿ ನಿಷೇಧವೇ ಬಂತು. ಅಂದಮೇಲೆ ಅಲ್ಲಿ ಒಪ್ಪಿಗೆಯ ಮಾತೇ ಏಳುವುದಿಲ್ಲ. ತಿಳಿಸುವುದಕ್ಕೂ ಗದರಿಸುವುದಕ್ಕೂ ವ್ಯತ್ಯಾಸ ಎಲ್ಲಿದೆಯೆಂದು ನನ್ನನ್ನು ಕೇಳಿದರೆ, ಕೇಳಿಸಿಕೊಂಡವಳ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಅದು ತಿಳಿಸುವುದು, ಕೇಳದ ಪ್ರಶ್ನೆಗೆ ಕಡ್ಡಾಯವಾಗಿ ಉತ್ತರ ಓದಿದರೆ ಅದು ಉಪದೇಶ.

ಒಪ್ಪಿಗೆ ಕೊಟ್ಟರೂ, ಬಾಯಿಬಿಟ್ಟು ಕೇಳಿಕೊಂಡರೂ ಆಗದೆ ಹೋದದ್ದು ನಮ್ಮ ಬೆಳಗಾವಿಯ ಮಗಳು ಸವಿತಾ ಹಾಲಪ್ಪನವರ ವಿಷಯದಲ್ಲಿ. ಆಕೆ ದಂತವೈದ್ಯೆ, ವಯಸ್ಸು 31. ಗಂಡನೊಡನೆ ಐರ್ಲೆಂಡಿನ ಗಾಲ್ವೇ ಊರಿನಲ್ಲಿದ್ದಳು. 2012ರ ಅಕ್ಟೋಬರಿನಲ್ಲಿ 17 ವಾರದ ಗರ್ಭ ಉಳಿಯುವುದಿಲ್ಲವೆಂದು ಡಾಕ್ಟರುಗಳೇ ಹೇಳಿದ ಮೇಲೆ, ತೆಗೆದುಬಿಡಿ ಎಂದು ಆಕೆ ಕೇಳಿಕೊಂಡಳು. ಮಗುವಿನ ಎದೆಬಡಿತ ಇನ್ನೂ ಇದೆ, ಇಲ್ಲಿಯ ಕಾನೂನಿನಲ್ಲಿ ಆಗದು ಎಂದರು. ನಂಜು ಮೈಗೆಲ್ಲ ಏರಿತು. ಅಕ್ಟೋಬರ್ 28ರಂದು ತೀರಿಕೊಂಡಳು. ಬೆಳಗಾವಿಯಲ್ಲಿ ಕೂತ ತಂದೆತಾಯಿಯ ಹೊಟ್ಟೆಯ ಉರಿಯನ್ನು ನಾವು ಯಾರಾದರೂ ಊಹಿಸಿಕೊಳ್ಳಬಹುದು. ಆ ದೇಶದ ಹೆಂಗಸರು ಆಕೆಯ ಫೋಟೋ ಹಿಡಿದು ಬೀದಿಗಿಳಿದರು. 2018ರ ಮೇ 25ರಂದು ಜನಮತ ತೆಗೆದುಕೊಂಡಾಗ ನೂರಕ್ಕೆ 66ಕ್ಕೂ ಹೆಚ್ಚು ಜನ ಹಳೆಯ ನಿಷೇಧವನ್ನು ತೆಗೆಯಿರಿ ಎಂದರು. ನಮ್ಮ ಕಾನೂನಿನ ಐದನೇ ಕಲಮಿನಲ್ಲಿ, ತಾಯಿಯ ಜೀವ ಉಳಿಸಲು ತಕ್ಷಣ ಬೇಕೆಂದರೆ ವಾರಗಳ ಲೆಕ್ಕ ನೋಡದೆ, ಒಬ್ಬ ಡಾಕ್ಟರೇ ತೀರ್ಮಾನಿಸಿ ಗರ್ಭ ತೆಗೆಯಬಹುದೆಂದು 1971ರಲ್ಲೇ ಬರೆದಿದ್ದಾರೆ.

ಇನ್ನು ನಮ್ಮ ಕಡೆಯ ಕೆಟ್ಟ ಕಥೆಗೆ ಬರೋಣ. ಒಪ್ಪಿಗೆ ಎಂದರೆ 'ಹೂಂ' ಎನ್ನುವುದಷ್ಟೇ ಅಲ್ಲ, 'ಊಹೂಂ' ಎನ್ನುವ ಹಕ್ಕೂ ಹೌದು. 2023ರ ಕೊನೆಯಲ್ಲಿ ಮಂಡ್ಯದ ಕಡೆ ಆಲೆಮನೆಯೊಂದರಲ್ಲಿ ಸ್ಕ್ಯಾನ್ ಯಂತ್ರ ಇಟ್ಟುಕೊಂಡು ಹೆಣ್ಣೋ ಗಂಡೋ ನೋಡುತ್ತಿದ್ದ ಜಾಲವನ್ನು ಪೊಲೀಸರು ಹಿಡಿದದ್ದು ನಿಮಗೆ ನೆನಪಿರಬಹುದು. ಬೆಲ್ಲ ಕಾಯಿಸುವ ಜಾಗ! ಹೆಣ್ಣೆಂದು ತಿಳಿದ ಮೇಲೆ ಮೈಸೂರಿನಲ್ಲಿ ತೆಗೆಸುತ್ತಿದ್ದರಂತೆ. ಅಲ್ಲಿಗೆ ಹೋದ ಬಸುರಿಯರಲ್ಲಿ ಎಷ್ಟು ಜನ ತಾವಾಗಿ ಒಪ್ಪಿ ಹೋದವರು, ಎಷ್ಟು ಜನರನ್ನು ಅತ್ತೆಯೋ ಗಂಡನೋ ಕಾರಿನಲ್ಲಿ ಕೂರಿಸಿ ಕರೆದೊಯ್ದರು? ಲಿಂಗ ಪತ್ತೆಯನ್ನು ತಡೆಯುವ 1994ರ ಕಾನೂನು ಮಾಡಿದವರಿಗೆ ನಮ್ಮ ಮನೆಗಳ ಒಳಗುಟ್ಟು ಗೊತ್ತಿತ್ತೆಂದು ಕಾಣುತ್ತದೆ. ಅಂಥ ಪರೀಕ್ಷೆಗೆ ಬಂದ ಹೆಂಗಸನ್ನು ಗಂಡ ಅಥವಾ ಬಂಧುಗಳೇ ಬಲವಂತ ಮಾಡಿದ್ದಾರೆಂದು, ಹಾಗಲ್ಲವೆಂದು ಸಾಬೀತಾಗುವವರೆಗೆ, ಕೋರ್ಟು ಭಾವಿಸಬೇಕೆಂದು ಅದರ 24ನೇ ಕಲಮಿನಲ್ಲಿದೆ. ಹೆಂಗಸಿನ ಒಪ್ಪಿಗೆಯಿಲ್ಲದೆ ಗರ್ಭ ತೆಗೆಸಿದರೆ ಹತ್ತು ವರ್ಷದವರೆಗೆ ಸಜೆ, ಇಲ್ಲವೆ ಜೀವಾವಧಿ ಶಿಕ್ಷೆಯೂ ಆಗಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 89ನೇ ಕಲಮು.

ಬೇಡವೆನ್ನುವ ಹಕ್ಕಿನ ಬಗ್ಗೆ ಚಂಡೀಗಢದ್ದೊಂದು ಪ್ರಸಂಗ ನನ್ನ ಮನಸ್ಸಿಗೆ ತಾಗಿತು. ಸರ್ಕಾರಿ ಆಶ್ರಯದಲ್ಲಿದ್ದ ಬುದ್ಧಿಮಾಂದ್ಯ ತರುಣಿಯ ಮೇಲೆ ಅಲ್ಲಿಯೇ ಅತ್ಯಾಚಾರವಾಗಿ ಆಕೆ ಬಸುರಿಯಾದಳು. ಹೈಕೋರ್ಟು ತೆಗೆಸಿ ಎಂದಿತು. ಆದರೆ ಆಕೆಗೆ ಮಗು ಬೇಕಿತ್ತು. 2009ರಲ್ಲಿ ಸುಪ್ರೀಂ ಕೋರ್ಟು ಆಕೆಯ ಮಾತನ್ನೇ ಎತ್ತಿಹಿಡಿಯಿತು. ಬುದ್ಧಿಮಾಂದ್ಯ ಬೇರೆ, ಮಾನಸಿಕ ಕಾಯಿಲೆ ಬೇರೆ, ಆಕೆಯ ಒಪ್ಪಿಗೆಯಿಲ್ಲದೆ ತೆಗೆಯುವಂತಿಲ್ಲ ಎಂದಿತು.

ಇದಕ್ಕೆಲ್ಲ ಕಳಶವಿಟ್ಟಂತೆ 2022ರ ಸೆಪ್ಟೆಂಬರ್ 29ರ ತೀರ್ಪು ಬಂತು. ಬರೆದ ಮೂವರು ನ್ಯಾಯಮೂರ್ತಿಗಳ ಪೀಠದಲ್ಲಿ ನಮ್ಮ ಕೊಡಗಿನ ಎ. ಎಸ್. ಬೋಪಣ್ಣನವರೂ ಇದ್ದರು. 24 ವಾರಗಳ ಅವಕಾಶ ಮದುವೆಯಾಗದವಳಿಗೂ ಇದೆ ಎಂದಿತು ಆ ಪೀಠ. ಮನೆಯವರ ಒಪ್ಪಿಗೆ ತನ್ನಿ, ಆ ದಾಖಲೆ ತನ್ನಿ, ಕೋರ್ಟಿನ ಆದೇಶ ತನ್ನಿ ಎಂದು ಡಾಕ್ಟರುಗಳು ಕಾನೂನಿನಲ್ಲಿಲ್ಲದ ಷರತ್ತು ಹಾಕುತ್ತಿರುವುದನ್ನೂ ಎತ್ತಿ ಆಡಿತು. ಹದಿನೆಂಟು ತುಂಬದ ಹುಡುಗಿಯರ ವಿಷಯದಲ್ಲಿ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕಾದರೂ, ಹುಡುಗಿ ಮತ್ತು ಪೋಷಕರು ಬೇಡವೆಂದರೆ ಹೆಸರು ಹೇಳಬೇಕಾಗಿಲ್ಲವೆಂದೂ ತಿಳಿಸಿತು. ಹೆಸರು ಬಯಲಾದೀತೆಂಬ ಭಯದಿಂದಲೇ ಎಷ್ಟೋ ತಾಯಂದಿರು ಮಗಳನ್ನು ಕಳ್ಳ ಡಾಕ್ಟರ ಬಳಿಗೆ ಕರೆದೊಯ್ಯುತ್ತಾರೆ.

ಕಡೆಗೆ ಮೆಡಿಕಲ್ ಸ್ಟೋರಿನ ಗುಳಿಗೆಯ ಮಾತು. ನಮ್ಮ ದೇಶದಲ್ಲಿ 2015ರಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಾದವೆಂದೂ, ನೂರಕ್ಕೆ 73 ಆಸ್ಪತ್ರೆಯ ಹೊರಗೆ ಗುಳಿಗೆಯಿಂದಲೇ ಆದವೆಂದೂ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಅಂದಾಜು ಮಾಡಿದೆ. ಆಸ್ಪತ್ರೆಯಲ್ಲಿ 'ಗಂಡನನ್ನು ಕರೆತನ್ನಿ' ಎಂದರೆ ಹೆಂಗಸು ಅಂಗಡಿಗೆ ಹೋಗದೆ ಇನ್ನೇನು ಮಾಡಿಯಾಳು? ಅಲ್ಲಿ ರುಜುವೂ ಇಲ್ಲ, ತಿಳಿವಳಿಕೆಯೂ ಇಲ್ಲ. ಈ ಗುಳಿಗೆಯನ್ನು ಡಾಕ್ಟರು ಬರೆದುಕೊಟ್ಟೇ ತೆಗೆದುಕೊಳ್ಳಬೇಕು, ಅದೂ ಒಂಬತ್ತು ವಾರದೊಳಗೆ. ಗರ್ಭ ನಳಿಕೆಯಲ್ಲಿ ನಿಂತಿದ್ದರೆ ಗುಳಿಗೆಯಿಂದ ಅದು ಹೋಗುವುದಿಲ್ಲ, ನಳಿಕೆ ಒಡೆದು ಜೀವಕ್ಕೇ ಕುತ್ತು. ತೆಗೆದುಕೊಂಡ ಮೇಲೆ ಗಂಟೆಗೆ ಎರಡು ದೊಡ್ಡ ಪ್ಯಾಡು ತೊಯ್ದು, ಎರಡು ಗಂಟೆಯಾದರೂ ಹಾಗೆಯೇ ಇದ್ದರೆ, ಜ್ವರ ಬಿಡದಿದ್ದರೆ, ಕೆಟ್ಟ ವಾಸನೆ ಬಂದರೆ, ತಡಮಾಡದೆ ಆಸ್ಪತ್ರೆಗೆ ಹೋಗಿ. ನಾಚಿಕೆ ಆಮೇಲೆ ಇದ್ದೇ ಇರುತ್ತದೆ.

ಆಸ್ಪತ್ರೆಗೆ ಹೋಗುವ ಪ್ರಸಂಗ ಬಂದರೆ ಮೊದಲು ಕೊನೆಯ ಮುಟ್ಟಿನ ತಾರೀಖು ಬರೆದಿಟ್ಟುಕೊಳ್ಳಿ. ಗರ್ಭಪಾತಕ್ಕೆ ಸರ್ಕಾರಿ ಆಸ್ಪತ್ರೆ ಅಥವಾ ಜಿಲ್ಲಾ ಸಮಿತಿ ಒಪ್ಪಿಗೆ ಕೊಟ್ಟ ಖಾಸಗಿ ಆಸ್ಪತ್ರೆಯೇ ಆಗಬೇಕು. ಖಾಸಗಿಯಾದರೆ ಆ ಒಪ್ಪಿಗೆ ಇದೆಯೇ ಎಂದು ವಿಚಾರಿಸಿ. ಎಷ್ಟು ವಾರ, ಗುಳಿಗೆಯೋ ಥಿಯೇಟರೋ, ಅರಿವಳಿಕೆ ಎಂಥದ್ದು, ಎಷ್ಟು ದಿನ ರಕ್ತ ಹೋಗುತ್ತದೆ, ಮತ್ತೆ ಯಾವಾಗ ತೋರಿಸಬೇಕು, ಎಲ್ಲವನ್ನೂ ಕೇಳಿ. 'ಆಪರೇಷನ್ ಮಾಡಿಸಿಕೊಂಡರೆ ಮಾತ್ರ ತೆಗೆಯುತ್ತೇವೆ' ಎಂದರೆ ಅಂಥ ಷರತ್ತು ಕಾನೂನಿನಲ್ಲಿಲ್ಲವೆಂದು ಹೇಳಿ. ಕೌಂಟರಿನಲ್ಲಿ ನಿಮ್ಮ ವಿಷಯವನ್ನು ಹತ್ತು ಜನರೆದುರು ಕೂಗಿ ಕೇಳಿದರೆ, 'ನಾನು ಡಾಕ್ಟರ ಹತ್ತಿರ ಮಾತ್ರ ಹೇಳ್ತೀನಿ' ಎನ್ನಿ. ಗರ್ಭ ತೆಗೆಸಿದವಳ ಹೆಸರು, ವಿವರಗಳನ್ನು ಕಾನೂನು ಅಧಿಕಾರ ಕೊಟ್ಟವರಿಗಲ್ಲದೆ ಬೇರೆಯವರಿಗೆ ಡಾಕ್ಟರು ಬಿಟ್ಟುಕೊಡುವಂತಿಲ್ಲ. ಕೊಟ್ಟರೆ ಒಂದು ವರ್ಷದವರೆಗೆ ಸಜೆ, ಇಲ್ಲವೆ ದಂಡ, ಇಲ್ಲವೆ ಎರಡೂ.